ಕಾರಿನ ಮೇಲಿನ ಅನುಸ್ವಾರಗಳು

ತಪ್ಪು ಹುಡುಕುವುದನ್ನೇ ಹೊಟ್ಟೆಪಾಡು ಮಾಡಿಕೊಂಡವರ ಮನೆಯಲ್ಲಿ ನೆಮ್ಮದಿ ಹುಡುಕಬಾರದು. ಈ ಮಹಾಶಯರು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವರು. ಎಲ್ಲಾದರೂ ಒಂದು ಒತ್ತಕ್ಷರ ಜಾರಿದ್ದರೆ ಅವತ್ತು ಅವರಿಗೆ ಊಟ ಸೇರುತ್ತಿರಲಿಲ್ಲ. ಹೆಂಡತಿಯ ತಮ್ಮ ಅವರಿಗೆ ‘ಕಾಗುಣಿತ ಭಾವ’ ಎಂದು ನಾಮಕರಣ ಮಾಡಿದ್ದ. ಬೀದಿಯವರೂ ಅದನ್ನೇ ಮೊಟಕು ಮಾಡಿ ‘ಕಾಗುಣಿತ’ ಎನ್ನುತ್ತಿದ್ದರು. (ಎದುರಿಗಲ್ಲ.)

ಆ ತಮ್ಮನದು ಕನ್ನಡಕದ ಅಂಗಡಿ. ಪರವೂರಿನಲ್ಲಿ ಏನೋ ಕೆಲಸವಿದೆಯೆಂದು ಹೊರಟವನು ತನ್ನ ಹಳೆಯ ಕೆಂಪು ಕಾರನ್ನು ಅಕ್ಕನ ಮನೆಯ ಮುಂದೆ ನಿಲ್ಲಿಸಿ, ಕೀಲಿಕೈ ಭಾವನ ಕೈಗಿತ್ತು ರೈಲು ಹತ್ತಿದ. ಬಸ್ಸಿನ ಕಂಬಿಗೆ ಜೋತುಬಿದ್ದೇ ಅರ್ಧ ಆಯುಷ್ಯ ಕಳೆದಿದ್ದ ಕಾಗುಣಿತರಿಗೆ ಪಟ್ಟಾಭಿಷೇಕವಾದಂತಾಯಿತು. ಬಿಸಿಲಿಗೆ ಬಣ್ಣ ಮಾಸೀತೆಂದು ಕಾರನ್ನು ಎದುರಿನ ಮರದ ಕೆಳಗೆ ಸರಿಸಿದರು. ಅಲ್ಲಿ ಬೇಡ, ಆ ಮರ ಅಂಟು ಸುರಿಸುತ್ತದೆ ಎಂದು ಹೆಂಡತಿ ಹೇಳಿದಳು. ನೆರಳಿಗೂ ಅಂಟಿಗೂ ಎಲ್ಲಿಯ ನಂಟು ಎಂದು ಇವರು ನಕ್ಕರು.

ಸಂಜೆ ತಮ್ಮ ಬರುತ್ತಾನೆ ಎನ್ನುವ ಭಾನುವಾರ ಬೆಳಿಗ್ಗೆ ಹೋಗಿ ನೋಡಿದರೆ ಬಾನೆಟ್ಟಿನ ತುಂಬ ಅನುಸ್ವಾರಗಳು! ಕಂದು ಬಣ್ಣದ, ದುಂಡನೆಯ, ಒಣಗಿ ಕಲ್ಲಾದ ಅಂಟಿನ ಹನಿಗಳು. ಬೇಡದ ಕಡೆಯೆಲ್ಲ ಸೊನ್ನೆ.

“ಇರ್ಲಿ ಬಿಡಿ, ಹಳೇ ಕಾರು. ಅವನೇನೂ ಅನ್ಕೊಳ್ಳಲ್ಲ,” ಎಂದಳು ಹೆಂಡತಿ.

“ಅನ್ಕೊಳ್ಳಲ್ಲ ಅಂತ ತಪ್ಪನ್ನ ಹಾಗೇ ಅಚ್ಚಿಗೆ ಕಳಿಸೋಕಾಗುತ್ತಾ?”

ಮೊದಲು ಉಗುರಿನಿಂದ ಕೆರೆದರು. ಉಗುರು ಬಂತು, ಅಂಟು ಬರಲಿಲ್ಲ. ಅಡುಗೆಮನೆಗೆ ನುಗ್ಗಿ ಪಾತ್ರೆ ಉಜ್ಜುವ ತಂತಿಯ ಉಂಡೆ ಹಿಡಿದು ಬರುವಷ್ಟರಲ್ಲಿ ಹೆಂಡತಿ ಬಾಗಿಲಿಗೆ ಅಡ್ಡ ನಿಂತಿದ್ದಳು.

“ಅದ್ರಲ್ಲಿ ಉಜ್ಜಿದ್ರೆ ಅಂಟೂ ಹೋಗುತ್ತೆ, ಬಣ್ಣಾನೂ ಹೋಗುತ್ತೆ, ಸಾಯಂಕಾಲ ನಿಮ್ಮ ಮಾನಾನೂ ಹೋಗುತ್ತೆ.”

ಹಿಂದೆ ಯಾವುದೋ ವಾಹನ ಕೈಪಿಡಿಯ ಕರಡು ತಿದ್ದಿದ್ದು ಆಗ ಅವರಿಗೆ ನೆನಪಾಯಿತು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಅಂಟನ್ನು ಮೆದು ಮಾಡಿ, ಎಣ್ಣೆ ಸವರಿ, ಮೆಲ್ಲಗೆ ಒರೆಸಿ, ಸೋಪುನೀರಿನಲ್ಲಿ ತೊಳೆಯಬೇಕು. ಹಂಡೆ ನೀರು ಕಾಯಿತು. ಹೆಂಡತಿಯ ಹೊಸ ಟವೆಲ್ಲು ಬಾನೆಟ್ಟಿನ ಮೇಲೆ ಹರಡಿತು. ತನ್ನ ಮಂಡಿಗೆ ಒಂದು ದಿನವಾದರೂ ಹೀಗೆ ಶಾಖ ಕೊಟ್ಟದ್ದುಂಟೇ ಎಂದು ಆಕೆ ಕೇಳಿದ್ದು ಇವರಿಗೆ ಕೇಳಿಸಲಿಲ್ಲ. (ಇಂಥ ವಿಷಯದಲ್ಲಿ ಗಂಡಸರ ಕಿವಿ ಬಹಳ ಸೂಕ್ಷ್ಮ, ತಾನಾಗಿಯೇ ಮುಚ್ಚಿಕೊಳ್ಳುತ್ತದೆ.)

ಅಂಟೇನೋ ಬಿಟ್ಟಿತು. ಆದರೆ ಬಿಟ್ಟ ಜಾಗವಷ್ಟೇ ಮದುಮಗಳ ಸೀರೆಯಂತೆ ಫಳಫಳ, ಸುತ್ತಲಿನದು ಹಳೇ ಇಟ್ಟಿಗೆ. ಕಂದು ಸೊನ್ನೆ ಹೋಗಿ ಕೆಂಪು ಸೊನ್ನೆ ಬಂದಿತ್ತು. ಕಾಗುಣಿತರು ಅಂಗಡಿಗೆ ಓಡಿ ಪಾಲಿಶ್ ಡಬ್ಬಿ ತಂದು, ಪ್ಯಾಂಟು ಮಡಚಿಕೊಂಡು ಇಡೀ ಕಾರಿನ ಮೇಲೆ ಬಿದ್ದರು.

ಊಟದ ಹೊತ್ತು ಮೀರಿದಾಗ ಹೆಂಡತಿ ಮತ್ತೆ ಹೊರಬಂದಳು. “ಸಾಕು, ಇಲ್ಲಿಗೇ ನಿಲ್ಲಿಸಿ. ಇದೊಂದ್ಸಲ ನನ್ನ ಮಾತು ಕೇಳಿ.”

ಆ ದನಿಯಲ್ಲಿದ್ದ ಕಳವಳ ತಮ್ಮದೇ ಸೊಂಟದ ಬಗ್ಗೆ ಎಂದುಕೊಂಡು ಕಾಗುಣಿತರು ಕರಗಿಹೋದರು. ಆ ಹುರುಪಿನಲ್ಲಿ ಇನ್ನಷ್ಟು ಜೋರಾಗಿ ಉಜ್ಜಿದರು.

ಸಂಜೆ ಬಂದ ತಮ್ಮ ತನ್ನ ಕಾರಿನ ಪಕ್ಕದಲ್ಲೇ ಹಾದುಹೋಗಿ, ಕಾರೆಲ್ಲಿ ಎಂದು ಅಕ್ಕನನ್ನು ಕೇಳಿದ. ತೋರಿಸಿದಾಗ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ. ಕಾರಿನ ಸುತ್ತ ಒಂದು ಪ್ರದಕ್ಷಿಣೆಯಾಯಿತು.

“ಭಾವ, ನಾನು ಹೋಗಿದ್ದೇ ಹೊಸ ಕಾರು ನೋಡೋಕೆ. ಇದು ಬಣ್ಣಗೆಟ್ಟು ಹೋಗಿದೆ, ನಿಮಗೇ ಕೊಟ್ಬಿಡೋಣ ಅಂತ ಅಕ್ಕನ ಹತ್ರ ಮಾತಾಗಿತ್ತು. ಈಗ ನೋಡಿದ್ರೆ ಇದೇ ಹೊಸದು. ಇದನ್ನ ಬಿಡೋಕೆ ಮನಸ್ಸೇ ಬರ್ತಿಲ್ಲ.”

ಕಾಗುಣಿತರ ಕೈಯಲ್ಲಿದ್ದ ಬಟ್ಟೆ ಬಕೆಟ್ಟಿಗೆ ಬಿತ್ತು. ಮೊದಲೇ ಹೇಳಬಾರದಿತ್ತೇ ಎಂದು ಹೆಂಡತಿಯ ಕಡೆ ನೋಡಿದರು.

“ಹೇಳಿದ್ರೆ ಪ್ರೆಸ್ಸಿಗೆಲ್ಲ ಸಾರಿಬಿಡ್ತಿದ್ರಿ. ಕಾರು ಕೊಡೋ ಕೆಲಸ ಪೂರ್ತಿಯಾಗ್ಲಿ, ಆಮೇಲೆ ಹೇಳೋಣ ಅಂತಿದ್ದೆ. ನೀವೇ ಪೂರ್ತಿ ಮಾಡಿದ್ರಿ,” ಎಂದಳು ಆಕೆ.

ತಮ್ಮನಿಗೆ ಮಾತ್ರ ಸಂಭ್ರಮವೋ ಸಂಭ್ರಮ. ಎಲ್ಲರೂ ಕೂತು ಒಂದು ಸುತ್ತು ಹೋಗಿಬರೋಣ ಎಂದ. ಅಕ್ಕ ಮುಂದಿನ ಸೀಟಿನಲ್ಲಿ ಕೂತಳು. ಹೋಗಲಿ, ಸವಾರಿಯಾದರೂ ದಕ್ಕಲಿ ಎಂದು ಕಾಗುಣಿತರು ಹಿಂದಿನ ಬಾಗಿಲು ತೆರೆದು ಒಂದು ಕಾಲಿಟ್ಟರು.

“ಭಾವ,” ತಮ್ಮ ಸಂಕೋಚದಿಂದ ತಲೆ ಕೆರೆದುಕೊಂಡ. “ನಿಮ್ಮ ಪ್ಯಾಂಟೆಲ್ಲ ಎಣ್ಣೆ. ಇಷ್ಟು ಕಷ್ಟಪಟ್ಟು ಕ್ಲೀನ್ ಮಾಡಿದೀರಿ, ಸೀಟಿಗೆ ಕಲೆಯಾದ್ರೆ ನಿಮಗೇ ಬೇಜಾರಾಗುತ್ತೆ.”

ಕಾಗುಣಿತರು ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ಬಾಗಿಲಿನ ಹಿಡಿಯ ಮೇಲೆ ತಮ್ಮದೇ ಬೆರಳಿನ ಗುರುತು ಮೂಡಿದ್ದು ಕಂಡಿತು. ಅದನ್ನು ತೋಳಿನಿಂದ ಒರೆಸಿ, ಕಾರಿಗೆ ದಾರಿ ಬಿಟ್ಟು ನಿಂತರು.