ಬಿನ್ ಮಹಮೂದ್‌ನ ಕಪ್ಪು ಗೋಸುಂಬೆ

ಗೋಸುಂಬೆ ಕೂತ ಜಾಗದ ಬಣ್ಣಕ್ಕೆ ತಿರುಗುತ್ತದೆ. ಎರಡು ಸಾವಿರದ ಇಸವಿಯ ನಂತರದ ಆ ವರ್ಷಗಳಲ್ಲಿ, ದೋಹಾದ ಬಿನ್ ಮಹಮೂದ್‌ನ ನಮ್ಮ ಫ್ಲ್ಯಾಟಿನಲ್ಲಿ ಇದನ್ನು ಯಾರೂ ಅನುಮಾನಿಸುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿರುವ ಇಂಥ ಸಂಗತಿಗಳಿಂದಲೇ ಅಲ್ಲಿ ಏನಾದರೊಂದು ಎಡವಟ್ಟು ನಡೆಯುತ್ತಲೇ ಇತ್ತು.

ನಾವು ಮೂವರು. ಫ್ಲ್ಯಾಟು ಯಾರ ಹೆಸರಿನಲ್ಲಿತ್ತೋ ಅವರು ಅಣ್ಣ, ಉಡುಪಿ ಕಡೆಯವರು. ಇನ್ನೊಬ್ಬ ಮಂಗಳೂರಿನವ, ಕಟ್ಟಡಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಮೂರನೆಯವನು ನಾನು, ಏನು ಹೇಳಿದರೂ ‘ಆಧಾರ ಏನು’ ಎಂದು ಕೇಳಿ ಹೆಸರು ಕೆಡಿಸಿಕೊಂಡವನು.

ಡ್ರಾಫ್ಟ್ಸ್‌ಮನ್‌ನ ಬಾಸು ವರ್ಗವಾಗಿ ಹೊರಡುವಾಗ ತನ್ನ ಗೋಸುಂಬೆಯನ್ನು ಅವನ ಕೈಗೆ ಕೊಟ್ಟು ವಿಮಾನ ಹತ್ತಿದ. ಅಣ್ಣ ಒಂದು ಷರತ್ತಿನ ಮೇಲೆ ಒಪ್ಪಿದರು. ಶುಕ್ರವಾರ ಊರಿನವರು ಊಟಕ್ಕೆ ಬರುತ್ತಾರೆ. ಅವರೆದುರು ಅದು ಬಣ್ಣ ಬದಲಿಸಬೇಕು. ಇಲ್ಲದಿದ್ದರೆ ಸೂಕ್ ಮಾರುಕಟ್ಟೆಯ ಹಕ್ಕಿ ಅಂಗಡಿಗೆ.

ಡ್ರಾಫ್ಟ್ಸ್‌ಮನ್ ಅಲ್ಲಿಯವರೆಗೆ ಒಂದು ಬೆಕ್ಕನ್ನೂ ಸಾಕಿದವನಲ್ಲ. ಆದರೆ ಬಂದ ದಿನವೇ ಅದು ಅವನ ಕಿರುಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಅಲ್ಲಿಗೆ ಅವನ ಕತೆ ಮುಗಿಯಿತು.

ಮನೆ

ಅವನು ಮೊದಲು ಗೂಡಿನ ನಕ್ಷೆ ಬರೆದ. ಮೇಲಿನಿಂದ, ಮುಂದಿನಿಂದ, ಪಕ್ಕದಿಂದ. ಬಟ್ಟೆ ಒಣಗಿಸುವ ಸ್ಟ್ಯಾಂಡಿಗೆ ಸೊಳ್ಳೆಪರದೆ ಹೊಲಿದು ಒಳಗೆ ಬೇವಿನ ಕೊಂಬೆ ನಿಲ್ಲಿಸಿದ. ಗಾಳಿಗೆ ಒಂದು ಕಡೆ, ಬೆಳಕಿಗೆ ಇನ್ನೊಂದು ಕಡೆ. ನಾವು ಮೂವರು ಮಲಗುವ ಕೋಣೆಯಲ್ಲಿ ಮಂಚಗಳ ನಡುವೆ ಅಡ್ಡಡ್ಡ ನಡೆಯಬೇಕಿತ್ತು. ಗೋಸುಂಬೆಗೆ ಮಾತ್ರ ಅದರ ಗೂಡಿನಲ್ಲೇ ಸಿಟ್‌ಔಟ್, ಅಂದರೆ ಜಗಲಿ, ಇತ್ತು.

ನೀರು

ಸ್ಟೀಲ್ ಬಟ್ಟಲಲ್ಲಿ ಇಟ್ಟ ನೀರನ್ನು ಅದು ಮೂಸಲಿಲ್ಲ. ತೊಟ್ಟಿಕ್ಕುವ ನೀರನ್ನಷ್ಟೇ ಕುಡಿಯುತ್ತದೆ ಎಂದು ನಾನು ಓದಿ ಹೇಳಿದೆ. ನಮ್ಮ ಬಚ್ಚಲಿನ ನಲ್ಲಿ ವರ್ಷಗಳಿಂದ ತೊಟ್ಟಿಕ್ಕುತ್ತಲೇ ಇತ್ತು. ಕೊಂಬೆ ಸಮೇತ ಒಯ್ದು ಹಿಡಿದರೆ ಅದು ಚೆನ್ನಾಗಿ ಕುಡಿಯಿತು.

ಅಣ್ಣ ಎಷ್ಟು ದೂರು ಕೊಟ್ಟರೂ ಬಾರದ ಪ್ಲಂಬರು ಆ ವಾರವೇ ಬಂದ. ಡ್ರಾಫ್ಟ್ಸ್‌ಮನ್ ಬಾಗಿಲಲ್ಲೇ ಅವನನ್ನು ತಡೆದು, ‘ಖಲಾಸ್, ಖಲಾಸ್, ರಿಪೇರಿ ಆಯ್ತು’ ಎಂದು ಚಹಾ ಕುಡಿಸಿ ವಾಪಸು ಕಳಿಸಿದ.

ಊಟ

ಜೀವಂತ ಮಿಡತೆ ಮನೆಯೊಳಗೆ ಬರಕೂಡದು ಎಂದರು ಅಣ್ಣ; ಅವಲಕ್ಕಿ ನೆನೆಸಿ ಕೊಡಲು ಸೂಚಿಸಿದರು. ಗೋಸುಂಬೆ ಒಂದು ಕಣ್ಣಲ್ಲಿ ಅವಲಕ್ಕಿಯನ್ನೂ ಇನ್ನೊಂದರಲ್ಲಿ ಅಣ್ಣನನ್ನೂ ನೋಡಿತು. ಕೊನೆಗೆ ಹಕ್ಕಿ ಅಂಗಡಿಯಿಂದ ಜೀರ್ ಎನ್ನುವ ಜೀರುಂಡೆಗಳು ಬಂದವು. ಬಂದ ಸಂಜೆಯೇ ಅರ್ಧದಷ್ಟು ತಪ್ಪಿಸಿಕೊಂಡು ಫ್ರಿಜ್ಜಿನ ಹಿಂದೆ ಹಾಡತೊಡಗಿದವು.

ಅಣ್ಣ ಬೈದರು. ಪೊರಕೆ ಹಿಡಿದು ಓಡಾಡಿದರು. ಮೂರನೆಯ ದಿನ ಸದ್ದು ನಿಂತಿತು. ಅಣ್ಣ ಪೊರಕೆಯನ್ನು ಮೂಲೆಗಿಟ್ಟು ಹೇಳಿದರು, “ಊರಲ್ಲಿ ಇದ್ದ ಹಾಗೆ ಆಗ್ತಿತ್ತು. ಇನ್ನು ನಾಲ್ಕು ತಾ ಮಾರಾಯ.”

ಬಲ್ಬು

ಗೋಸುಂಬೆ ಬಂದಾಗಿನಿಂದ ಕಪ್ಪಗಿತ್ತು. ಅಣ್ಣ ಅದನ್ನು ಕೆಂಪು ಟವೆಲ್ ಮೇಲೆ ಕೂರಿಸಿದರು, ಹಳದಿ ಕ್ಯಾಲೆಂಡರಿನ ಮೇಲೆ ಕೂರಿಸಿದರು. ಅದು ಕಪ್ಪಗೇ ಇತ್ತು. “ಬಾಸು ಹಾಳಾದದ್ದನ್ನು ದಾಟಿಸಿದ್ದಾನೆ,” ಎಂದರು.

ಅದಕ್ಕೆ ಚಳಿಯಾಗುತ್ತಿದೆ, ಚಳಿಗೆ ಗೋಸುಂಬೆ ಕಪ್ಪಾಗುತ್ತದೆ ಎಂದೆ. ಕರೆಂಟು ಬಿಲ್ಲು ಕಟ್ಟಡದ ಮಾಲೀಕನದು. ಹಾಗಾಗಿ ನಮ್ಮ ಎ.ಸಿ. ಹದಿನೆಂಟು ಡಿಗ್ರಿಯಿಂದ ಮೇಲೆ ಹೋದದ್ದಿಲ್ಲ, ಆಫ್ ಆದದ್ದೂ ಇಲ್ಲ. ಜೂನ್ ತಿಂಗಳಲ್ಲಿ ನಾವು ಕಂಬಳಿ ಹೊದೆಯುತ್ತಿದ್ದೆವು. ಎ.ಸಿ. ಕಡಿಮೆ ಮಾಡುವುದೆಂದರೆ ಮಾಲೀಕನಿಗೆ ಉಪಕಾರ ಮಾಡಿದಂತೆ ಎಂದು ಅಣ್ಣ ಒಪ್ಪಲಿಲ್ಲ.

ಹತ್ತಿರದ ಬಡಾವಣೆ ಅಲ್ ಮನ್ಸೂರಾದ ಎಲೆಕ್ಟ್ರಿಕ್ ಅಂಗಡಿಗೆ ಹೋಗಿ, ಬಿಸಿ ಕೊಡುವ ಬಲ್ಬು ಬೇಕು ಎಂದೆ. ಮಲಯಾಳಿ ಅಂಗಡಿಯವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಕತಾರಿಗೆ ಬಂದು ಎಷ್ಟು ದಿನವಾಯಿತು ಎಂದು ಕೇಳಿದರು. ಆಮೇಲೆ ಬಾಗಿಲು ತೆರೆದು ತೋರಿಸಿದರು. “ಬಿಸಿ ಅಲ್ಲಿ ಫ್ರೀ ಇದೆ, ಸಾರ್.”

ಶುಕ್ರವಾರ

ಊರಿನವರು ಬಂದರು. ಅಣ್ಣ ಹೊಸ ಹಸಿರು ಲುಂಗಿ ಉಟ್ಟು, ಗೋಸುಂಬೆಯನ್ನು ಎಲ್ಲರಿಗೂ ಕಾಣುವಂತೆ ಕುರ್ಚಿಯ ಮೇಲೆ ಕೂರಿಸಿದರು. ಕಪ್ಪು. ಬಾಗಿಲ ಬಳಿ ಅದನ್ನು ಒಯ್ಯುವ ರಟ್ಟಿನ ಪೆಟ್ಟಿಗೆ ಸಿದ್ಧವಾಗಿತ್ತು, ತೂತು ಕೊರೆದು. ಡ್ರಾಫ್ಟ್ಸ್‌ಮನ್ ಪೆಟ್ಟಿಗೆಯನ್ನು ನೋಡಿದ, ನನ್ನನ್ನು ನೋಡಿದ, ಎದ್ದು ಒಳಗೆ ಹೋದ. ಎ.ಸಿ. ಒಮ್ಮೆ ಕೆಮ್ಮಿ ನಿಂತಿತು.

“ಎಂತ ಆಯ್ತು?” ಎಂದರು ಅಣ್ಣ.

“ಕೆಟ್ಟಿತು ಅಣ್ಣ,” ಎಂದ ಡ್ರಾಫ್ಟ್ಸ್‌ಮನ್ ಹೊರಗೆ ಬಂದು. “ಇವತ್ತು ಶುಕ್ರವಾರ, ರಜೆ. ಮೆಕ್ಯಾನಿಕ್ ಮಾಫಿ, ಯಾರೂ ಇಲ್ಲ.”

ಸಾರಿನ ಹೊತ್ತಿಗೆ ಅಂಗಿಗಳು ಮೈಗೆ ಅಂಟಿದ್ದವು. ಪಾಯಸದ ಹೊತ್ತಿಗೆ ಹಿರಿಯರೊಬ್ಬರು ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತ ಕೈ ತೋರಿಸಿದರು. ಗೋಸುಂಬೆ ಬಾಲದಿಂದ ತಲೆಯವರೆಗೆ ಹೊಸ ಬಾಳೆ ಎಲೆಯಷ್ಟು ಹಸಿರಾಗಿತ್ತು.

ಜನ ಚಪ್ಪಾಳೆ ತಟ್ಟಿದರು. ಅಣ್ಣ ಲುಂಗಿ ಕೊಡವಿ ಎದ್ದು ನಿಂತರು. “ನನ್ನ ಲುಂಗಿಯ ಬಣ್ಣ ಹಿಡಿಯಿತು ನೋಡಿ. ಇದು ಇನ್ನು ಇಲ್ಲೇ ಇರಲಿ,” ಎಂದರು. ಡ್ರಾಫ್ಟ್ಸ್‌ಮನ್ ಪೆಟ್ಟಿಗೆಯನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದ. ಲುಂಗಿ ಎಲ್ಲಿ ಸಿಗುತ್ತದೆ ಎಂದು ಇಬ್ಬರು ವಿಚಾರಿಸಿದರು.

ಗೋಸುಂಬೆ ಕೂತಿದ್ದದ್ದು ಬಿಳಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ.