ಇಲಿಗೆ ಇಂಗ್ಲಿಷ್ ಬರುವುದಿಲ್ಲ

ನಮ್ಮ ಮನೆಯಲ್ಲಿ ಇಲಿ ಇದೆ ಎಂದು ಬಾಯಿಬಿಟ್ಟು ಹೇಳುವವರನ್ನು ನಾನು ಇದುವರೆಗೆ ಕಂಡಿಲ್ಲ. ಬಿಪಿ ಇದೆ, ಶುಗರ್ ಇದೆ, ಮಂಡಿನೋವು ಇದೆ ಎಂದು ಜನ ಒಂದು ಬಗೆಯ ಠೀವಿಯಿಂದಲೇ ಹೇಳಿಕೊಳ್ಳುತ್ತಾರೆ. ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತ ಅಪರಿಚಿತರು ಕೂಡ ಕೆಂಗೇರಿ ಬರುವಷ್ಟರಲ್ಲಿ ತಮ್ಮ ಗ್ಯಾಸ್ಟ್ರಿಕ್ಕಿನ ಪೂರ್ವಾಪರವನ್ನೆಲ್ಲ ಒಪ್ಪಿಸಿ ಇಳಿದುಹೋಗುತ್ತಾರೆ. ಇಲಿಯ ವಿಷಯಕ್ಕೆ ಬಂದರೆ ಮಾತ್ರ ಎಲ್ಲರ ಮನೆಯೂ ಸ್ವಚ್ಛ. ಇರುವುದೆಲ್ಲ ಪಕ್ಕದ ಮನೆಯಲ್ಲಿ. ಆದ್ದರಿಂದ ನಾನೇ ಮೊದಲು ಒಪ್ಪಿಕೊಂಡುಬಿಡುತ್ತೇನೆ. ಗೋವಿಂದರಾಜನಗರದ ನಮ್ಮ ಮನೆಗೆ ಇಲಿ ಬಂದಿತ್ತು. ಅದೂ ಯಾರ ಮನೆಗೆ? ಸುಂಕದಕಟ್ಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು, ಮಾಗಡಿ ರೋಡಿನ ಅರ್ಧ ಸಂಸಾರಗಳಿಗೆ ಇಲಿಬೋನು ಮಾರಿರುವ ನನ್ನ ಯಜಮಾನರ ಮನೆಗೆ.

ಇನ್ನು ನನ್ನ ವಿಷಯ. ಅಪ್ಪನ ಕಡೆ, ಅಮ್ಮನ ಕಡೆ, ಎರಡೂ ಕಡೆ ಜಾಲಾಡಿದರೂ ಡಿಗ್ರಿ ಮಾಡಿದವಳು ನಾನೊಬ್ಬಳೇ. ಅಮ್ಮನ ಜೊತೆ ಮನೆಯಲ್ಲಿ ಕೂತು ಅಗರಬತ್ತಿ ಹೊಸೆಯುತ್ತಾ, ಕಪ್ಪು ಹತ್ತಿದ ಕೈಯಲ್ಲೇ ಪುಟ ತಿರುವಿ ಓದಿದವಳು. ನನ್ನ ಬಿ.ಎ. ಪುಸ್ತಕಗಳನ್ನು ಮೂಸಿದರೆ ಈಗಲೂ ದೇವರಮನೆಯ ವಾಸನೆ ಬರುತ್ತದೆ. ಇಂಗ್ಲಿಷ್ ಪೇಪರ್ ಎರಡು ಸಲ ಕೈಕೊಟ್ಟು ಮೂರನೆಯ ಸಲ ಕೈಹಿಡಿಯಿತು. ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಹಾಲ್‌ನಲ್ಲಿ ಟಿವಿಯ ಮೇಲ್ಗಡೆಯೇ ನೇತುಹಾಕಿದ್ದೇನೆ. ಟಿವಿ ನೋಡುವವರು ಅದನ್ನೂ ನೋಡಲೇಬೇಕು. ಮದುವೆಯಾದ ಹೊಸದರಲ್ಲಿ ಅತ್ತೆ ಅದನ್ನು ನೋಡಿ, "ಇದ್ರಿಂದ ಏನಮ್ಮಾ ಉಪಯೋಗ?" ಎಂದು ಕೇಳಿದ್ದರು. ಕೊಂಕು ಇರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದು. ಮಿಕ್ಸಿ ತಂದಾಗಲೂ ಹಾಗೆಯೇ ಕೇಳಿದ್ದರು. ಮಿಕ್ಸಿಯ ಉಪಯೋಗವನ್ನು ಚಟ್ನಿ ರುಬ್ಬಿ ತೋರಿಸಿದೆ. ಡಿಗ್ರಿಯದನ್ನು ತೋರಿಸಲು ಆಗಿರಲಿಲ್ಲ. ಖಾಸಗಿ ಶಾಲೆಯೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ ನಿಜ, ಆದರೆ ಅಲ್ಲಿ ನನಗೆ ಬೇಕಾಗುವ ಇಂಗ್ಲಿಷ್ ಎಂದರೆ, "ಪ್ರಿನ್ಸಿಪಾಲ್ ಬಿಜಿ, ಕಮ್ ಟುಮಾರೊ" ಅಷ್ಟೇ. ಅದನ್ನು ನಮ್ಮ ವಾಚ್‌ಮನ್ ನನಗಿಂತ ಚೆನ್ನಾಗಿ ಹೇಳುತ್ತಾನೆ.

ಒಂದು ಗುರುವಾರ ಬೆಳಿಗ್ಗೆ ಉಪ್ಪಿಟ್ಟಿಗೆಂದು ರವೆಯ ಪ್ಯಾಕೆಟ್ ಎತ್ತಿದೆ. ರವೆ ಅಲ್ಲೇ ಉಳಿಯಿತು, ಪ್ಯಾಕೆಟ್ ಮಾತ್ರ ಮೇಲೆ ಬಂತು. ತಳವನ್ನು ಅಷ್ಟು ಅಚ್ಚುಕಟ್ಟಾಗಿ ಕತ್ತರಿಸಲಾಗಿತ್ತು. ಮೊದಲೇ ನನ್ನದು ನೇರ ಬಾಯಿ. "ಹಾಳಾದ್ ಇಲಿ! ಇವತ್ತೇ ಪಾಷಾಣ ತಂದು ಹಾಕ್ತೀನಿ, ಸಾಯಿ ನೀನು!" ಎಂದು ಅಡುಗೆಮನೆ ಅದುರುವಂತೆ ಕೂಗಿದೆ. ಸೊಪ್ಪು ಬಿಡಿಸುತ್ತಿದ್ದ ಅತ್ತೆ ಮಂಡಿನೋವನ್ನೂ ಮರೆತು ಓಡಿಬಂದು ನನ್ನ ಬಾಯಿಗೆ ಕೈ ಅಡ್ಡ ಹಿಡಿದರು.

"ಅಯ್ಯೋ, ಸುಮ್ನಿರೇ! ಕೇಳಿಸ್ಕೊಳುತ್ತೆ ಕಣೇ ಅದು! ಗಣಪನ ವಾಹನ. ಬೈದ್ರೆ ಬಟ್ಟೆ ಕಡಿದು ಹಾಕುತ್ತೆ."

"ಅತ್ತೆ, ಇಲಿಗೆ ಮಾತು ಅರ್ಥ ಆಗುತ್ತಾ?"

"ಮಾತ್ ಅರ್ಥ ಆಗ್ದೆ ಇರೋದು ಈ ಮನೇಲಿ ನಿನ್ ಗಂಡನಿಗೆ ಮಾತ್ರ."

ಅದೇ ಹೊತ್ತಿಗೆ ಫ್ರಿಜ್ಜಿನ ಹಿಂದಿನಿಂದ 'ಕಿಚ್' ಎಂದಿತು. ಅತ್ತೆಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಇಷ್ಟೇ ಆಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಬರುವ ಭಾನುವಾರ ಉಲ್ಲಾಳದಲ್ಲಿ ಅತ್ತೆಯ ತಮ್ಮನ ಹೊಸ ಮನೆಯ ಗೃಹಪ್ರವೇಶ. ಅದಕ್ಕೆ ಅತ್ತೆ ಉಡಬೇಕಾಗಿದ್ದದ್ದು ತಮ್ಮ ಧಾರೆ ಸೀರೆ. ಗಿಣಿ ಹಸಿರು ಮೈ, ಅರಿಶಿನ ಬಣ್ಣದ ಅಂಚು. ತಮ್ಮನ ಹೆಂಡತಿ ಸುಶೀಲಮ್ಮನವರು ಯಾವ ಸಮಾರಂಭದಲ್ಲಿ ಸಿಕ್ಕಿದರೂ ಅತ್ತೆಯ ಸೆರಗನ್ನು ಎರಡು ಬೆರಳಲ್ಲಿ ಹಿಡಿದು, ತರಕಾರಿ ಆರಿಸುವವರ ಹಾಗೆ ಹಿಸುಕಿ ನೋಡುತ್ತಾರೆ. ಅವರಿಗೆ ಉತ್ತರವಾಗಿಯೇ ಆ ಸೀರೆ. ಅದು ಇರುವುದು ಅತ್ತೆಯ ಕೋಣೆಯ ಬೀರುವಿನಲ್ಲಿ, ಬೀರುವಿನ ಬಾಗಿಲಿಗೆ ಕೆಳಗಿನ ಹಿಂಜು ಇಲ್ಲ, ಆ ಸಂದಿಯಲ್ಲಿ ಇಲಿಯೇನು, ಬೆಕ್ಕೂ ಹೋಗಿಬರಬಹುದು. ಅಂಗಡಿಯಲ್ಲಿ ಡಬ್ಬಗಟ್ಟಲೆ ಹಿಂಜು ಇಟ್ಟುಕೊಂಡಿರುವ ನನ್ನ ಯಜಮಾನರು, "ನಾಳೆ ತರ್ತೀನಿ" ಎನ್ನುತ್ತಲೇ ಎಷ್ಟೋ ಯುಗಾದಿ ದಾಟಿಸಿದ್ದರು. ಸೀರೆಯನ್ನು ಮಹಡಿ ಮೇಲೆ ಬಾಡಿಗೆಗಿರುವ ಶಿವಲೀಲಾ ಮನೆಯಲ್ಲಿ ಇಡೋಣವೆಂದರೆ ಅತ್ತೆ, "ಧಾರೆ ಸೀರೇನ ಕಂಡೋರ ಮನೇಲಿ ಇಡ್ತಾರೇನೆ?" ಎಂದರು. ಅಲ್ಲಿಗೆ ನನ್ನ ಹಣೆಬರಹ ಸ್ಪಷ್ಟವಾಯಿತು. ಸೀರೆಗೆ ತೂತು ಬಿದ್ದರೆ ಅದು ಇಲಿ ಮಾಡಿದ ತೂತಲ್ಲ, ನನ್ನ ನಾಲಿಗೆ ಮಾಡಿದ ತೂತು. ಅತ್ತೆ ಇರುವ ತನಕ ಅದರ ಕಥೆ ನಡೆಯುತ್ತದೆ. ಅವರ ನಂತರ ಸುಶೀಲಮ್ಮನವರು ಮುಂದುವರಿಸುತ್ತಾರೆ.

ಸಂಜೆ ಯಜಮಾನರು ಪೇಪರಿನಲ್ಲಿ ಸುತ್ತಿದ ತಂತಿಯ ಬೋನು ತಂದರು. ಪಾಷಾಣ ಬೇಡ, ಅಂಟಿನ ಹಾಳೆ ಬೇಡ, ಜೀವಸಹಿತ ಹಿಡಿದು ದೂರ ಬಿಟ್ಟುಬರಬೇಕು ಎಂಬುದು ಅತ್ತೆಯ ಕಟ್ಟಪ್ಪಣೆ. ಬಾಗಿಲಲ್ಲೇ ಯಜಮಾನರು, "ಅಮ್ಮಾ, ಬೋ..." ಎನ್ನುವಷ್ಟರಲ್ಲಿ ಅತ್ತೆ ತುಟಿಯ ಮೇಲೆ ಬೆರಳಿಟ್ಟರು. ಮೂವರೂ ಕಳ್ಳರ ಹಾಗೆ ಮುಖ ಮುಖ ನೋಡಿಕೊಂಡೆವು. ಆಗ ಅತ್ತೆಯ ಕಣ್ಣು ಟಿವಿಯ ಮೇಲ್ಗಡೆ ಹೋಗಿ ನಿಂತಿತು.

"ಗೀತಾ, ನೀನು ಇಂಗ್ಲಿಷ್‌ನಲ್ಲಿ ಹೇಳೇ ಅವನಿಗೆ. ಅದಕ್ಕೆ ಇಂಗ್ಲಿಷ್ ಬರಲ್ಲ."

ನನ್ನ ಎದೆ ಉಬ್ಬಿತು ಎಂದರೆ ನೀವು ನಗಬಾರದು. ಅತ್ತೆ ಅಂದು ಕೇಳಿದ ಪ್ರಶ್ನೆಗೆ ಇಷ್ಟು ವರ್ಷವಾದ ಮೇಲೆ ಉತ್ತರ ಸಿಕ್ಕಿತ್ತು. ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ: "ಟುನೈಟ್... ಯು ಪುಟ್ ದಟ್ ಬಾಕ್ಸ್... ಬಿಹೈಂಡ್ ದಿ..." ಬೀರುವಿಗೆ ಏನನ್ನುತ್ತಾರೆ? ಪರೀಕ್ಷೆಯಲ್ಲಿ ನದಿಯ ಬಗ್ಗೆ ಕೇಳಿದ್ದರು, ಚಂದ್ರನ ಬಗ್ಗೆ ಕೇಳಿದ್ದರು, ಸ್ವಾತಂತ್ರ್ಯದ ಬಗ್ಗೆಯೂ ಕೇಳಿದ್ದರು. ಬೀರುವಿನ ಬಗ್ಗೆ ಒಬ್ಬರಾದರೂ ಕೇಳಿರಲಿಲ್ಲ. "ಬಿಹೈಂಡ್ ದಿ ಬೀರು," ಎಂದು ಮುಗಿಸಿದೆ. "ಸರಿ, ಒಳಗೇನ್ ಹಾಕ್ಲಿ? ಕೊಬ್ಬರಿ ಚೂ..." ಎಂದು ಅವರು ಕನ್ನಡದಲ್ಲೇ ಹೊರಟರು. ಗಾಬರಿಯಲ್ಲಿ ನಾನು, "ನೋ ಸ್ಪೀಕ್!" ಎಂದು ಅರಚಿದೆ. ಅದು 'ಡೋಂಟ್ ಸ್ಪೀಕ್' ಎಂದಾಗಬೇಕಿತ್ತು ಎಂದು ಅಂದ ಮೇಲೆ ಹೊಳೆಯಿತು. ಗೋಡೆಯ ಮೇಲಿನ ಸರ್ಟಿಫಿಕೇಟಿನ ಕಡೆ ತಿರುಗುವ ಧೈರ್ಯವಾಗಲಿಲ್ಲ. ಅತ್ತೆ ಮಾತ್ರ ಬೆರಗಾಗಿ, ನೋ ಸ್ಪೀಕ್, ನೋ ಸ್ಪೀಕ್ ಎಂದು ಮಂತ್ರದಂತೆ ತುಟಿ ಅಲ್ಲಾಡಿಸಿದರು. ಯಾಕೆಂದರೆ ಆ ಎರಡು ಪದಕ್ಕೆ ಅವರ ಮಗ ನಿಜವಾಗಿಯೂ ಬಾಯಿ ಮುಚ್ಚಿದ್ದರು; ಕನ್ನಡದಲ್ಲಿ ಅದು ಎಂದೂ ಆಗದ ಕೆಲಸ. ಕೊನೆಗೆ, "ಇನ್‌ಸೈಡ್, ಪುಟ್ ಬೋಂಡ," ಎಂದೆ. "ಎಸ್, ಎಸ್," ಎಂದು ಅವರು ಅಡುಗೆಮನೆಗೆ ಹೋಗಿ ಒಂದು ಬೋಂಡ ಬೋನಿಗೆ, ಎರಡು ತಮ್ಮ ಬಾಯಿಗೆ ಹಾಕಿಕೊಂಡರು.

ಬೆಳಿಗ್ಗೆ ನೋಡಿದರೆ ಬೋಂಡ ಹಾಗೇ ಇತ್ತು. ಬೀರುವಿನ ಬಾಗಿಲ ಮೇಲೆ ಹಾಕಿದ್ದ ಅತ್ತೆಯ ಟವೆಲ್ಲಿನ ಮೂಲೆ ಇರಲಿಲ್ಲ. ಟವೆಲ್ಲಿಂದ ಸೀರೆಗೆ ಒಂದು ಗೇಣು ದೂರ. ಅತ್ತೆ ಟವೆಲ್ಲನ್ನು ಬೆಳಕಿಗೆ ಹಿಡಿದು, ನನ್ನ ಉತ್ತರಪತ್ರಿಕೆ ತಿದ್ದುವವರ ಹಾಗೆ ಹೇಳಿದರು: "ನೀನು ಬೀರು ಅಂದೆ, ಬೋಂಡ ಅಂದೆ. ಎರಡೂ ಕನ್ನಡ. ಅದೇನ್ ದಡ್ಡ ಅಂದ್ಕೊಂಡ್ಯಾ?" ಹೀಗೆ ಇಂಗ್ಲಿಷ್ ಪೇಪರಿನಲ್ಲಿ ನಾನು ಮತ್ತೊಮ್ಮೆ ಫೇಲಾದೆ. ಸಮಾಧಾನಕ್ಕೆ ಒಂದು ವಾದ ಹುಡುಕಿಕೊಂಡೆ. ಈ ಮನೆಯಲ್ಲಿ ನಾವು ಆಡುವುದಾದರೂ ಏನು? ಗ್ಯಾಸ್ ಆಫ್ ಮಾಡು, ಕುಕ್ಕರ್ ಇಳಿಸು, ಫ್ರಿಜ್ ಡೋರ್ ಕ್ಲೋಸ್ ಮಾಡು, ಟೆನ್ಷನ್ ತಗೋಬೇಡ. ಗೋವಿಂದರಾಜನಗರದಲ್ಲಿ ಹುಟ್ಟಿ ಫ್ರಿಜ್ಜಿನ ಹಿಂದೆ ಬೆಳೆದ ಇಲಿಗೆ ನನ್ನಷ್ಟು ಇಂಗ್ಲಿಷ್ ಬಾರದೇ ಇರುತ್ತದೆಯೆ? ಇದನ್ನು ಅತ್ತೆಗೆ ಹೇಳಿದೆ. ಅವರು ಯೋಚನೆಗೆ ಬಿದ್ದರು. ಮನೆಯಲ್ಲಿ ಯಾವ ಭಾಷೆಯೂ ಸುರಕ್ಷಿತವಲ್ಲವೆಂದು ತಿಳಿದು ಶುಕ್ರವಾರವೆಲ್ಲ ಕೈಸನ್ನೆಯಲ್ಲೇ ಸಂಸಾರ ನಡೆಯಿತು.

ಸಂಜೆ ಶಿವಲೀಲಾ ನೀರಿನ ಮೋಟರ್ ಹಾಕಲು ಕೆಳಗೆ ಬಂದಳು. ಬಾಗಲಕೋಟೆ ಕಡೆಯ ಹುಡುಗಿ. ವಿಜಯನಗರದ ಒಂದು ಲ್ಯಾಬಿನಲ್ಲಿ ಕೆಲಸ. "ಯಾಕ್ರೀ ಅಕ್ಕಾರ, ಎಲ್ಲಾರೂ ಮಾರಿ ಸಣ್ಣ ಮಾಡ್ಕೊಂಡ್ ಕುಂತೀರಿ?" ಎಂದಳು. ನಾನು ಬೋನಿನ ಕಡೆ ಬೆರಳು ತೋರಿಸಿದೆ. ಅವಳು ನಕ್ಕು, ಒಂದೇ ಉಸಿರಿನಲ್ಲಿ, "ಅಯ್ಯ, ಇಷ್ಟಕ್ಕ ಏನ್ ಚಿಂತಿ ಮಾಡ್ತೀರಿ? ಅದಕ್ಕ ನಿಮ್ಮ ಬೋಂಡಾ ಗೀಂಡಾ ಆಗಂಗಿಲ್ಲ. ನಮ್ಮವ್ವ ಶೇಂಗಾ ಹೋಳಿಗಿ ಕೊಟ್ ಕಳಿಸ್ಯಾಳ, ಒಂದ್ ತುಣುಕ ಒಳಗ ಇಡ್ರಿ. ನಾಳಿ ಮುಂಜಾನಿ ಅಷ್ಟೊತ್ತಿಗಿ ಸಿಗಲಿಲ್ಲಂದ್ರ ನನ್ ಹೆಸರ ಬ್ಯಾರೆ ಇಡ್ರಿ!" ಎಂದಳು.

ಅತ್ತೆ ನನ್ನ ಕಡೆ ಬಾಗಿ, "ಏನಂದ್ಲೇ?" ಎಂದು ಪಿಸುಗುಟ್ಟಿದರು. ನಾನು ಹೇಳಲು ಬಾಯಿ ತೆರೆಯುವ ಮೊದಲೇ ಅವರ ಮುಖ ಅರಳಿತು. "ಬೇಡ, ಬೇಡ, ಹೇಳ್ಬೇಡ! ನಂಗೇ ಅರ್ಥ ಆಗ್ಲಿಲ್ಲ ಅಂದ್ಮೇಲೆ ಅದಕ್ಕೆಲ್ಲಿ ಆಗುತ್ತೆ!"

"ಇದೂ ಕನ್ನಡಾನ ಐತ್ರೀ ಅಮ್ಮಾರ!" ಎಂದಳು ಶಿವಲೀಲಾ.

"ಇರ್ಲಿ ಬಿಡು ತಾಯಿ. ಜೋರಾಗ್ ಹೇಳ್ಬೇಡ."

ಶನಿವಾರ ಬೆಳಿಗ್ಗೆ ಬೋನಿನ ಬಾಗಿಲು ಬಿದ್ದಿತ್ತು. ಒಳಗೆ, ನನ್ನ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನೆಯ ಒಂದು ಜೀವ, ಸೆರೆಸಿಕ್ಕ ಬೇಸರವೇ ಇಲ್ಲದೆ ಉಳಿದ ಹೋಳಿಗೆಯನ್ನು ಮುಗಿಸುತ್ತಿತ್ತು. ಅತ್ತೆ ದೂರದಿಂದಲೇ ಕೈಮುಗಿದು, "ಯಾರ ಮನೆ ಹತ್ರಾನೂ ಬಿಡ್ಬೇಡಿ. ಒಬ್ಬರ ಮನೆ ಕಾಟ ಇನ್ನೊಬ್ಬರಿಗೆ ಕೊಡ್ಬಾರ್ದು. ತಿನ್ನೋಕೂ ಏನಾದ್ರೂ ಸಿಗ್ಬೇಕು," ಎಂದರು. ಮರಗಳೂ ಇರುವ, ಕ್ಯಾಂಟೀನೂ ಇರುವ ಜಾಗವೆಂದರೆ ನನಗೆ ಹೊಳೆದದ್ದು ಉಲ್ಲಾಳದ ಕಡೆಯ ಯೂನಿವರ್ಸಿಟಿ ಕ್ಯಾಂಪಸ್. ಟವೆಲ್ಲು ಮುಚ್ಚಿದ ಬೋನನ್ನು ತೊಡೆಯ ಮೇಲಿಟ್ಟುಕೊಂಡು ಸ್ಕೂಟರಿನ ಹಿಂದೆ ಕೂತೆ. ಸಿಗ್ನಲ್ಲಿನಲ್ಲಿ ಪಕ್ಕದ ಗಾಡಿಯವರು, "ಲವ್ ಬರ್ಡ್ಸಾ ಆಂಟಿ?" ಎಂದು ಕೇಳಿದರು. ಹೌದೆಂದೆ. ಉಲ್ಲಾಳ ಬಂದಾಗ ಯಜಮಾನರು, "ಮಾವನ ಹೊಸ ಮನೇನೂ ಇಲ್ಲೇ ಎಲ್ಲೋ ಬರುತ್ತೆ. ಗುದ್ದಲಿ ಪೂಜೆಗೆ ಬಂದಾಗ ಬರೀ ಹೊಲ ಇತ್ತು, ಈಗ ಗುರುತೇ ಸಿಗಲ್ಲ," ಎಂದರು. ಯೂನಿವರ್ಸಿಟಿ ಕಾಂಪೌಂಡಿನ ಪಕ್ಕ ಗಿಡ ಬೆಳೆದ ಒಂದು ಖಾಲಿ ಸೈಟಿನಲ್ಲಿ ಬೋನಿನ ಬಾಗಿಲೆತ್ತಿದೆವು. ಇಲಿ ಒಂದು ಕ್ಷಣ ಮೂಗಾಡಿಸಿ, ಗಿಡದೊಳಗೆ ನುಗ್ಗಿ ಕಾಂಪೌಂಡಿನ ಕಡೆ ಓಡಿತು. ಅಪ್ಲಿಕೇಷನ್ ಇಲ್ಲ, ಕ್ಯೂ ಇಲ್ಲ, ಮಾರ್ಕ್ಸ್ ಕಾರ್ಡ್ ಇಲ್ಲ.

"ಅದರ ವಂಶದಲ್ಲಿ ಯೂನಿವರ್ಸಿಟಿಗೆ ಹೋದ ಮೊದಲನೇದು ಇದೇ ಇರ್ಬೇಕು ಕಣ್ರೀ," ಎಂದೆ.

ಅವರು ಗಿಡದ ಕಡೆ ಬಾಗಿ, "ಇಂಗ್ಲಿಷ್ ಪೇಪರ್ ಹುಷಾರು ಕಣಪ್ಪಾ," ಎಂದರು. ವಾಪಸು ಬರುವಾಗ ಖಾಲಿ ಬೋನನ್ನು ನಮ್ಮಿಬ್ಬರ ಮಧ್ಯೆ ಇಟ್ಟುಕೊಂಡು ಕೂತೆ.

ಭಾನುವಾರ ಸೀರೆ ಬೀರುವಿಂದ ಹೊರಬಂತು. ಅತ್ತೆ ಅದನ್ನು ಮಂಚದ ಮೇಲೆ ಉದ್ದಕ್ಕೂ ಹರಡಿ, ಬಿಸಿಲಿಗೆ ಹಿಡಿದು, ಬೆರಳಾಡಿಸಿ ನೋಡಿದರು. ಒಂದು ಎಳೆಯೂ ಕದಲಿರಲಿಲ್ಲ. ನನ್ನ ನಾಲಿಗೆ ಖುಲಾಸೆಯಾಯಿತು. ಆ ಸಂಭ್ರಮ ಆಟೋ ಉಲ್ಲಾಳದೊಳಗೆ ತಿರುಗುವ ತನಕ ಇತ್ತು. ಅದೇ ರಸ್ತೆ, ಅದೇ ಕಾಂಪೌಂಡು, ಗಿಡ ಬೆಳೆದ ಅದೇ ಖಾಲಿ ಸೈಟು. ಅದರ ಪಕ್ಕಕ್ಕೇ ಅಂಟಿಕೊಂಡು, ನಿನ್ನೆ ಗಿಡದ ಮರೆಯಲ್ಲಿ ನಮ್ಮ ಕಣ್ಣಿಗೆ ಬೀಳದಿದ್ದ ಹೊಸ ಮನೆ; ಅದಕ್ಕೆ ಶಾಮಿಯಾನ, ಬಾಳೆಕಂಬ, ಸೀರಿಯಲ್ ಸೆಟ್ ದೀಪ. ಮುಂದೆ ಡ್ರೈವರ್ ಪಕ್ಕ ಇರುಕಿಕೊಂಡು ಕೂತಿದ್ದ ಯಜಮಾನರು ನಿಧಾನವಾಗಿ ಹಿಂದೆ ತಿರುಗಿ ನನ್ನನ್ನು ನೋಡಿ, ಇನ್ನೂ ನಿಧಾನವಾಗಿ ಮುಂದೆ ತಿರುಗಿದರು. ಅತ್ತೆಗೆ ಏನೂ ಹೇಳಬೇಕಾಗಲಿಲ್ಲ; ಇಲಿಯನ್ನು ಯೂನಿವರ್ಸಿಟಿಗೆ ಸೇರಿಸಿಬಂದೆವೆಂದು ನಿನ್ನೆಯೇ ಹೇಳಿದ್ದೆ. ನಮ್ಮಿಬ್ಬರ ಮುಖ, ಪಕ್ಕದ ಕಾಂಪೌಂಡಿನ ಮೇಲಿದ್ದ ಯೂನಿವರ್ಸಿಟಿ ಬೋರ್ಡು, ಎರಡನ್ನೂ ನೋಡಿ ಅವರು ಸೆರಗು ಬಿಗಿಮಾಡಿಕೊಂಡರು.

ಒಳಗೆ ಸುಶೀಲಮ್ಮನವರು ಬಂದವರೇ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ಹಿಸುಕಿದರು. "ಇನ್ನೂ ಹೊಸದ್ ಇದ್ದಂಗಿದೆಯಲ್ಲಾ ಅಕ್ಕಾ!" ಅತ್ತೆಯ ಮುಖದಲ್ಲಿ ದೀಪ ಹತ್ತಿತು. ಆಮೇಲೆ ಸುಶೀಲಮ್ಮನವರು ದನಿ ತಗ್ಗಿಸಿದರು. "ನಮ್ ಹಣೆಬರಹ ನೋಡಿ. ಹಾಲು ಉಕ್ಕಿಸೋಕೂ ಮುಂಚೆ ಮನೆಗೆ ಇಲಿ ಬಂದ್ಬಿಟ್ಟಿದೆ. ನಿನ್ನೆಯಿಂದ ಸ್ಟೋರ್ ರೂಮಲ್ಲಿ ಒಂದೇ ಸಮ ಓಡಾಟ. ಹೊಸಾ ಮನೆ! ಎಲ್ಲಿಂದ ಬಂತೋ, ಯಾವ್ ಮನೆಹಾಳ್ರು ತಂದ್ ಬಿಟ್ರೋ!"

ನಾನು ಓದಿದವಳು. ಇದ್ದದ್ದನ್ನು ಇದ್ದ ಹಾಗೆ ಹೇಳುವವಳು. "ಅದು ನಿನ್ನೆ ಬೆಳಿಗ್ಗೆ ನಾವೇ..." ಎಂದು ಶುರು ಮಾಡಿದೆ.

ಅತ್ತೆ ನನ್ನ ಕಡೆ ತಿರುಗಲಿಲ್ಲ. ಎದುರಿನ ನೆಂಟರಿಗೆ ನಗುಮುಖ ತೋರುತ್ತಲೇ, ಜನ್ಮದಲ್ಲಿ ಮೊದಲ ಬಾರಿಗೆ, ಸ್ಪಷ್ಟವಾಗಿ, ಇಂಗ್ಲಿಷಿನಲ್ಲಿ ಹೇಳಿದರು:

"ನೋ ಸ್ಪೀಕ್."

ಸುಶೀಲಮ್ಮನವರು ಬಾಯಿ ತೆರೆದುಕೊಂಡು ಅತ್ತೆಯನ್ನೇ ನೋಡಿದರು. ಸೆರಗು ತಾನಾಗಿ ಅವರ ಬೆರಳಿಂದ ಜಾರಿತು. ನಾನು ಎರಡು ಸಲ ಬಿದ್ದು ಎದ್ದ ಪೇಪರಿನಲ್ಲಿ ಅತ್ತೆ ಮೊದಲ ಸಲಕ್ಕೇ ಪಾಸಾಗಿದ್ದರು. ವ್ಯಾಕರಣವೇನೋ ತಪ್ಪಿತ್ತು, ಅದೂ ನಾನೇ ಕಲಿಸಿದ ತಪ್ಪು. ತಿದ್ದಬೇಕೆಂದರೆ ಬಾಯಿ ತೆರೆಯಬೇಕಿತ್ತು.