ಮೂರನೇ ತಿರುವಿನ ಎರಡು ಹಲಗೆಗಳು

ಇಂದ:
ಫಲಕ ಬರೆಯುವವನು,
ಬಣ್ಣದ ಶೆಡ್ಡು, ಕಚೇರಿಯ ಹಿಂಭಾಗ, ನೀರಿನ ತೊಟ್ಟಿಯ ಪಕ್ಕ.

ಗೆ:
ಮಾನ್ಯ ನಿರ್ದೇಶಕರು,
ಕಡಲಗುಡ್ಡ ಓಟದ ದಾರಿಗಳ ನಿರ್ವಹಣಾ ಕಚೇರಿ,
ಅದೇ ಕಟ್ಟಡ, ಮುಂಭಾಗ, ಫ್ಯಾನಿನ ಕೆಳಗೆ.

ಮಾನ್ಯರೇ,

ವಿಷಯ: ನಾಲ್ಕನೇ ಓಟದ ದಾರಿಯ ಮೂರನೇ ತಿರುವಿನ ಫಲಕದಲ್ಲಿ ಮೇಲಿರಬೇಕಾದ ಪದ ಕೆಳಗೂ ಕೆಳಗಿರಬೇಕಾದ ಪದ ಮೇಲೂ ಆಗಿರುವುದನ್ನು ಸರಿಪಡಿಸಿ, ಅರ್ಜಿದಾರನ ಹೆಂಡತಿಯ ಕಾಲಿನ ಪ್ಲಾಸ್ಟರ್ ಬಿಚ್ಚುವುದರೊಳಗೆ ಅಲ್ಲಿ ಬೇಲಿ ಹಾಕಿಸುವ ಬಗ್ಗೆ.

ಉಲ್ಲೇಖ:
1. ತಮ್ಮ ಕಚೇರಿಯ ಆದೇಶ ಚೀಟಿ (ಎರಡು ಪದ, ಸಹಿ ಇಲ್ಲ).
2. ನನ್ನ ತಪ್ಪೊಪ್ಪಿಗೆ ಪತ್ರ ಮತ್ತು ಅದರ ಎರಡು ಜ್ಞಾಪನೆಗಳು.
3. ತಾವು ನನಗೆ ದಯಪಾಲಿಸಿದ ಮೆಚ್ಚುಗೆ ಪತ್ರ.
4. ನನ್ನ ಹೆಂಡತಿಯ ಮಾತು (ಮೌಖಿಕ, ದಿನವೂ).

ಮೇಲ್ಕಂಡ ವಿಷಯ ಮತ್ತು ಉಲ್ಲೇಖಗಳಿಗೆ ಸಂಬಂಧಿಸಿದಂತೆ, ಇಪ್ಪತ್ತೆರಡು ವರ್ಷಗಳಿಂದ ತಮ್ಮ ಕಚೇರಿಗೆ ಬಾಣದ ಗುರುತು, ದೂರದ ಅಂಕಿ ಮತ್ತು ಎಚ್ಚರಿಕೆಯ ಮಾತು ಬರೆದುಕೊಂಡು ಬಂದಿರುವ ನಾನು, ಮೊದಲ ಬಾರಿಗೆ ಫಲಕದ ಮೇಲಲ್ಲದೆ ಕಾಗದದ ಮೇಲೆ ಇಷ್ಟುದ್ದ ಬರೆಯುತ್ತಿದ್ದೇನೆ. ಅಕ್ಷರ ದೊಡ್ಡದಾಗಿದ್ದರೆ ಮನ್ನಿಸಬೇಕು.

1. ನಾಲ್ಕನೇ ದಾರಿಯು ಮೀನುಬಲೆಯ ಶೆಡ್ಡುಗಳ ಹಿಂದಿನಿಂದ ಹೊರಟು, ಕಲ್ಲುಮೆಟ್ಟಿಲು ಏರಿ, ಗುಡ್ಡದ ನೆತ್ತಿಯಲ್ಲಿ ಕಡಲಂಚಿಗೇ ಅಂಟಿಕೊಂಡು ಸಾಗುತ್ತದೆ. ಮೂರನೇ ತಿರುವಿನವರೆಗೆ ಪೊದೆಗಳು ಅಡ್ಡವಿರುವ ಕಾರಣ ಕಡಲು ಕಾಣುವುದಿಲ್ಲ. ತಿರುವಿನಲ್ಲಿ ಒಮ್ಮೆಲೇ ಪೂರ್ತಿ ಕಾಣುತ್ತದೆ. ನೆಲ ಮುಗಿಯುವುದೂ ಅಲ್ಲಿಯೇ.

2. ಸದರಿ ತಿರುವಿನಲ್ಲಿ ಮಣ್ಣು ಸಡಿಲವಾಗಿರುವುದರಿಂದ ಬೇಲಿ ಬೇಕೆಂದು ದಾರಿ ಕಾಯುವವರು ಎರಡು ವರ್ಷದ ಹಿಂದೆ ಕೇಳಿದ್ದರು. ಬೇಲಿ ಹಾಕಿದರೆ ದೃಶ್ಯಕ್ಕೆ ಅಡ್ಡಿಯಾಗುತ್ತದೆ, ದೃಶ್ಯವಿಲ್ಲದಿದ್ದರೆ ಓಟಗಾರರು ಬರುವುದಿಲ್ಲ, ಓಟಗಾರರು ಬಾರದಿದ್ದರೆ ಕಚೇರಿ ಏಕೆ ಎಂಬ ಪ್ರಶ್ನೆ ಏಳುತ್ತದೆ. ಆದಕಾರಣ ಬೇಲಿಯ ಬದಲು ಎಚ್ಚರಿಕೆ ಫಲಕ ಹಾಕತಕ್ಕದ್ದೆಂದು ಸಭೆ ತೀರ್ಮಾನಿಸಿತು. ಸಭೆಯಲ್ಲಿದ್ದವರಲ್ಲಿ ಒಬ್ಬರೂ ತಿರುವನ್ನು ಕಂಡಿರಲಿಲ್ಲ. ನಾನು ಕಂಡಿದ್ದೆ. ನಾನು ಸಭೆಯಲ್ಲಿರಲಿಲ್ಲ.

3. ಫಲಕದಲ್ಲಿ ಇರಬೇಕಾಗಿದ್ದು ‘ನೋಡಿ ಓಡಿ’. ಒಂದೇ ಉದ್ದದ ಹಲಗೆಯನ್ನು ಆ ಮೆಟ್ಟಿಲು ಹತ್ತಿಸಲು ಆಗದ ಕಾರಣ, ಒಂದೊಂದು ಪದಕ್ಕೆ ಒಂದೊಂದು ಹಲಗೆಯಂತೆ ಬರೆದು, ಹೆಗಲ ಮೇಲೆ ಹೊತ್ತು ಹೋದೆ. ಕೆಳಗೆ ಜೀಪಿನ ಚಾಲಕರು ಊಟದ ಹೊತ್ತಾಯಿತೆಂದು ಹಾರ್ನ್ ಬಾರಿಸುತ್ತಲೇ ಇದ್ದರು. ಆ ಗಡಿಬಿಡಿಯಲ್ಲಿ ಕೈಗೆ ಮೊದಲು ಸಿಕ್ಕ ಹಲಗೆಯನ್ನು ಮೇಲೆ ಕೂರಿಸಿ, ಇನ್ನೊಂದನ್ನು ಕೆಳಗೆ ಕೂರಿಸಿ, ಒಂದೊಂದಕ್ಕೆ ನಾಲ್ಕರಂತೆ ಸ್ಕ್ರೂ ಬಿಗಿದು ಇಳಿದುಬಂದೆ. ಹೀಗಾಗಿ ಪ್ರಪಾತದ ಅಂಚಿನಲ್ಲಿ, ಕೆಂಪು ಬಣ್ಣದಲ್ಲಿ, ಒಂದು ಮೊಳದ ಅಕ್ಷರಗಳಲ್ಲಿ, ಸರ್ಕಾರಿ ಮುದ್ರೆಯ ಸಹಿತ, ‘ಓಡಿ ನೋಡಿ’ ಎಂಬ ಸವಾಲು ಸ್ಥಾಪನೆಯಾಯಿತು.

4. ಅಲ್ಲಿಯವರೆಗೆ ಆ ತಿರುವಿಗೆ ಬಂದಾಗ ಎಂಥವರೂ ನಡಿಗೆಗೆ ಇಳಿಯುತ್ತಿದ್ದರು. ಫಲಕ ಓದಿದ ಮೊದಲ ಓಟಗಾರ ಜೊತೆಯವನಿಗೆ, “ಏನೋ ಇದು, ನಮಗೇ ಹೇಳ್ತಿರೋ ಹಾಗಿದೆ! ನೋಡೇ ಬಿಡೋಣ ಬಾ,” ಎಂದು ಹೇಳಿ ಓಡಿದನಂತೆ. ಮರುವಾರದಿಂದ ಅಲ್ಲಿ ಸರದಿ ನಿಲ್ಲತೊಡಗಿತು. ಓಡುವುದಕ್ಕೊಂದು ಸಾಲು, ಓಡುವವರ ಫೋಟೊ ತೆಗೆಯುವುದಕ್ಕೊಂದು ಸಾಲು.

5. ತಪ್ಪು ಗೊತ್ತಾದ ದಿನವೇ ಉಲ್ಲೇಖ 2ರ ಪತ್ರ ಬರೆದುಕೊಂಡು ಅಧೀಕ್ಷಕರ ಬಳಿ ಹೋದೆ. ಏನು ಕೇಳಿದರೂ ‘ಆಮೇಲೆ’ ಎನ್ನುವುದರಿಂದ ಅವರನ್ನು ಕಚೇರಿಯಲ್ಲಿ ಆಮೇಲೆ ಸಾಹೇಬರು ಎಂದು ಕರೆಯುವ ರೂಢಿಯಿದೆ. ಇದನ್ನು ತಮ್ಮ ಗಮನಕ್ಕಷ್ಟೇ ತಂದಿದ್ದೇನೆ. ಅವರು ಕಡತ ತೆಗೆಸಿ ನೋಡಿದರು.

“ತಪ್ಪೆಲ್ಲಿದೆ? ಇಲ್ಲಿ ‘ನೋಡಿ ಓಡಿ’ ಅಂತಲೇ ಇದೆಯಲ್ರೀ.”

“ಕಡತದಲ್ಲಿ ಸರಿಯಾಗಿದೆ ಸಾರ್. ಗುಡ್ಡದ ಮೇಲೆ ಉಲ್ಟಾ ಆಗಿದೆ.”

“ಕಡತದಲ್ಲಿ ಸರಿ ಇರೋದನ್ನ ಮತ್ತೆ ಸರಿ ಮಾಡಿ ಅಂತ ನಾನು ಹೇಗೆ ಬರೀಲಿ?”

“ಹತ್ತು ನಿಮಿಷದ ಕೆಲಸ ಸಾರ್. ಎಂಟು ಸ್ಕ್ರೂ ಬಿಚ್ಚಿ ಹಲಗೆ ಅದಲು ಬದಲು ಮಾಡಿದ್ರೆ ಆಯ್ತು.”

“ಹಾಕಿದ ಫಲಕಕ್ಕೆ ಆದೇಶ ಇಲ್ದೆ ಕೈ ಹಚ್ಚಿದ್ರೆ ಕೆಲಸ ಹೋಗುತ್ತೆ, ಗೊತ್ತಿದೆ ತಾನೆ?”

“ಹಾಗಾದ್ರೆ ಒಂದ್ಸಲ ಬಂದು ಕಣ್ಣಾರೆ ನೋಡಿ ಸಾರ್.”

“ಆ ದಾರಿ ಅಪಾಯ ಅಂತ ನಾವೇ ಬರೆದಿದ್ದೀವಿ. ಅಧಿಕಾರಿಗಳು ಹೋಗೋ ಹಾಗಿಲ್ಲ. ಆಮೇಲೆ ನೋಡೋಣ.”

ಕೆಲಸ ಹೋಗುತ್ತದೆ ಎಂಬ ಭಯಕ್ಕೆ ನಾನು ಹಲಗೆ ಮುಟ್ಟಲಿಲ್ಲ. ಜ್ಞಾಪನೆಗಳನ್ನು ಮಾತ್ರ ಬರೆದೆ, ಅವೂ ವಿನಯವಾಗಿದ್ದವು.

6. ನಾಲ್ಕನೇ ದಾರಿಯಲ್ಲಿ ಓಡುವವರ ಸಂಖ್ಯೆ ಮೂರು ಪಟ್ಟಾದ ಕಾರಣ ತಮಗೆ ಮೇಲಿನವರಿಂದ ಸನ್ಮಾನ ಫಲಕ ಬಂತು. (ಅದನ್ನು ಬರೆದವನೂ ನಾನೇ.) ‘ಓಡಿ ನೋಡಿ’ ಎಂಬುದು ಯೋಜನೆಯ ಹೆಸರಾಯಿತು. ಜನರಲ್ಲಿ ಹುರುಪು ತುಂಬುವ ನುಡಿಯನ್ನು ಸ್ವಂತ ಬುದ್ಧಿಯಿಂದ ರೂಪಿಸಿದ್ದಕ್ಕಾಗಿ ನನಗೆ ಮೆಚ್ಚುಗೆ ಪತ್ರ ಸಿಕ್ಕಿತು. ತಪ್ಪು ಮಾಡಿದ್ದೇನೆ ಎಂದು ಮೂರು ಸಲ ಬರೆದುಕೊಟ್ಟರೂ ಕಚೇರಿ ನಂಬಲಿಲ್ಲ. ಉಳಿದ ದಾರಿಗಳ ಹದಿನೇಳು ಅಪಾಯದ ಜಾಗಗಳಲ್ಲೂ ಅದೇ ಫಲಕ ಹಾಕುವಂತೆ ಆದೇಶ ಬಂತು.

7. ಇನ್ನು ಮುಂದಿನ ಅಂಶ ಮನೆಯದು. ಕಚೇರಿಗೆ ಸಂಬಂಧಿಸಿದ್ದಲ್ಲವೆಂದು ತಾವು ಗೆರೆ ಎಳೆಯಬಹುದು. ಆದರೂ ಬರೆಯುತ್ತೇನೆ.

ನನ್ನ ಹೆಂಡತಿ ಹೊಲಿಗೆಯವಳು. ಮದುವೆಯಾದಾಗಿನಿಂದ ಅವಳ ಮಷೀನು ಇರುವುದು ಕಿಟಕಿಯ ಪಕ್ಕ. ಕಿಟಕಿಯಾಚೆಗಿರುವುದು ಪಕ್ಕದ ಮನೆಯ ಗೋಡೆ. ನಾನು ವಾರಕ್ಕೊಮ್ಮೆ ಗುಡ್ಡ ಹತ್ತಿ ಇಳಿದು ಬಂದು, ಇವತ್ತು ಕಡಲು ಹೀಗಿತ್ತು, ಹಾಗಿತ್ತು ಎಂದು ಊಟದ ಹೊತ್ತಿಗೆ ಕೊಚ್ಚಿಕೊಳ್ಳುತ್ತಿದ್ದೆ. “ಒಂದ್ಸಲ ನಂಗೂ ತೋರಿಸ್ರೀ,” ಎನ್ನುತ್ತಿದ್ದಳು. “ಮುಂದಿನ ವಾರ,” ಎನ್ನುತ್ತಿದ್ದೆ. ಇಪ್ಪತ್ತೆರಡು ವರ್ಷ ಹಾಗೇ ಎಂದಿದ್ದೇನೆ. ಆಮೇಲೆ ಸಾಹೇಬರನ್ನು ಆಡಿಕೊಳ್ಳುವ ಹಕ್ಕು ಕಚೇರಿಯಲ್ಲಿ ಯಾರಿಗಿದ್ದರೂ ನನಗಿಲ್ಲ ಎಂಬುದು ಈ ಅರ್ಜಿ ಬರೆಯುವಾಗ ತಿಳಿಯಿತು.

8. ಓಟಗಾರರು ಪ್ಯಾಂಟಿನ ಅಂಚು ಹೊಲಿಸಲು ಬರುವುದು ನಮ್ಮ ಮನೆಗೆ. ಅವರಲ್ಲೊಬ್ಬ ಹುಡುಗಿ ಮೊಬೈಲಿನಲ್ಲಿ ಸದರಿ ಫಲಕದ ಫೋಟೊ ತೋರಿಸಿದಳು. ನನ್ನ ಹೆಂಡತಿ ಅದನ್ನು ನೋಡಿದಳು. ಮರುದಿನದಿಂದ ಬೆಳಿಗ್ಗೆ ದಾರದ ರೀಲು ತರಲು ಹೋಗತೊಡಗಿದಳು. ಒಂದು ರೀಲಿಗೆ ಒಂದು ಗಂಟೆ. ಬರುವಾಗ ಮುಖ ಕೆಂಪು, ಸೆರಗು ಸೊಂಟಕ್ಕೆ. ಮನೆಯಲ್ಲಿ ಹನ್ನೆರಡು ಬಿಳಿ ರೀಲು ಸಾಲಾಗಿ ನಿಂತರೂ ಈ ದಡ್ಡನಿಗೆ ಹೊಳೆಯಲಿಲ್ಲ. ಅವಳು ತಂಗಿಯ ಮಗಳ ಬೂಟು ಇಸಿದುಕೊಂಡು, ಸಡಿಲವಾಗಿದ್ದಕ್ಕೆ ಚಿಂದಿಬಟ್ಟೆ ತುರುಕಿ, ಬಲೆಯ ಶೆಡ್ಡುಗಳ ಹಿಂದೆ ಓಟ ಕಲಿಯುತ್ತಿದ್ದಳು. ವಯಸ್ಸು ಐವತ್ತೊಂದು.

ಹದಿಮೂರನೇ ರೀಲಿನ ದಿನ ಮೂರನೇ ತಿರುವಿಗೆ ಓಡುತ್ತಲೇ ಹೋದಳು. ಮಣ್ಣು ಜಾರಿತು. ಆರಡಿ ಕೆಳಗಿನ ಪೊದೆ ಹಿಡಿಯಿತು. ಪೊದೆ ಇಲ್ಲದಿದ್ದರೆ ಈ ಅರ್ಜಿ ಬೇರೆ ನಮೂನೆಯಲ್ಲಿರುತ್ತಿತ್ತು.

9. ಆಸ್ಪತ್ರೆಯಲ್ಲಿ, ಪಾದದಿಂದ ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದವಳನ್ನು ಗದರಿದೆ. ಹೆದರಿದ್ದೆ, ಅದಕ್ಕೇ ಗದರಿದೆ.

“ಯಾರೇ ನಿಂಗೆ ಅಲ್ಲಿ ಓಡು ಅಂದಿದ್ದು?”

“ನೀವೇ.”

“ನಾನಾ?”

“ನಿಮ್ಮ ಓಕಾರದ ಸುಳಿ ನಂಗೆ ಗೊತ್ತಾಗಲ್ವಾ? ಊರಿಗೆಲ್ಲ ಓಡಿ ನೋಡಿ ಅಂತ ಕರೆದ್ರಿ. ನಂಗೆ ಮಾತ್ರ ಮುಂದಿನ ವಾರ.”

ಹೇಗಿತ್ತು ಕಡಲು ಎಂದು ಕೇಳಿದೆ.

“ಎಲ್ಲಿ ನೋಡ್ಲಿ? ಕಣ್ಣು ಮುಚ್ಕೊಂಡೇ ಬಿದ್ದೆ. ಓಡಿದ್ದಾಯ್ತು, ನೋಡೋದು ಬಾಕಿ.”

10. ತಮ್ಮ ಕಚೇರಿಯ ಅಪಘಾತ ನಮೂನೆಯಲ್ಲಿ ‘ಫಲಕದ ಸೂಚನೆಯನ್ನು ಪಾಲಿಸಲಾಗಿತ್ತೇ?’ ಎಂಬ ಪ್ರಶ್ನೆಯಿದೆ. ಅವಳು ‘ಅಕ್ಷರಶಃ’ ಎಂದು ಬರೆಸಿದಳು. ಅದಕ್ಕೆ ಬಂದ ಹಿಂಬರಹ ಹೀಗಿದೆ: ‘ಕಡತದ ಪ್ರಕಾರ ಫಲಕದಲ್ಲಿ ನೋಡಿ ಓಡಿ ಎಂದಿದ್ದು, ಸೂಚನೆ ಪಾಲಿಸಲಾಗಿದೆ ಎಂದು ಗಾಯಾಳುವೇ ಒಪ್ಪಿರುವುದರಿಂದ ಅವರು ನೋಡಿಯೇ ಓಡಿರುತ್ತಾರೆ, ನೋಡಿ ಓಡಿದವರು ಬೀಳಲು ಸಾಧ್ಯವಿಲ್ಲದ ಕಾರಣ ಸದರಿ ಬೀಳುವಿಕೆಯನ್ನು ಪರಿಗಣಿಸಲಾಗಿಲ್ಲ.’ ಇದನ್ನು ಅವಳಿಗೆ ಓದಿ ಹೇಳಿದೆ. ಪ್ಲಾಸ್ಟರಿನೊಳಗೆ ತುರಿಕೆಯಾಗುತ್ತಿದೆ, ಉದ್ದದ ಕುಂಚ ಕೊಡಿ ಎಂದಳು.

11. ಪ್ಲಾಸ್ಟರ್ ಬಿಚ್ಚಲು ಇನ್ನು ಇಪ್ಪತ್ತಾರು ದಿನ. ಡಾಕ್ಟರು ನಡೆಯಬಹುದು ಎಂದ ಮರುದಿನವೇ ಮೂರನೇ ತಿರುವಿಗೆ ಹೋಗುವುದಾಗಿ ನನ್ನ ಹೆಂಡತಿ ತಿಳಿಸಿದ್ದಾಳೆ. ಅವಳ ಬಳಿ ಆಮೇಲೆ ಎಂಬ ಮಾತು ನಡೆಯುವುದಿಲ್ಲ. ಈ ಬಾರಿ ಜೊತೆಗೆ ನಾನು ಹೋಗುತ್ತೇನೆ, ಅಂಚಿನ ಕಡೆಗೆ ನಾನಿರುತ್ತೇನೆ. ಆದರೆ ನಾನೊಬ್ಬನೇ ಬೇಲಿಯಾಗಲು ಸಾಲುವುದಿಲ್ಲ. ದಿನಕ್ಕೆ ಮುನ್ನೂರು ಜನ ಓಡುತ್ತಾರೆ.

12. ಹದಿನೇಳು ಹೊಸ ಫಲಕಗಳ ಪೈಕಿ ಹದಿನೇಳು ‘ನೋಡಿ’ ಬರೆದು ಶೆಡ್ಡಿನಲ್ಲಿ ಒಣಗಲು ಇಟ್ಟಿದ್ದೇನೆ. ‘ಓಡಿ’ ಬರೆಯಲು ಕೈ ಬರುತ್ತಿಲ್ಲ. ಇದನ್ನು ಕರ್ತವ್ಯಲೋಪವೆಂದು ಪರಿಗಣಿಸುವುದಾದರೆ ಪರಿಗಣಿಸಬಹುದು. ಕೆಲಸ ಹೋದರೆ ಮನೆಯಲ್ಲಿ ದಾರಕ್ಕಂತೂ ಕೊರತೆಯಿಲ್ಲ, ಗುಂಡಿ ಹೊಲಿಯುವುದನ್ನು ಕಲಿಯುತ್ತೇನೆ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದಾಗಿ, ಸದರಿ ತಿರುವಿನಲ್ಲಿ ಇಪ್ಪತ್ತಾರು ದಿನಗಳೊಳಗೆ ಬೇಲಿ ಹಾಕಿಸಬೇಕಾಗಿಯೂ, ಅದು ಎದೆಮಟ್ಟಕ್ಕಿದ್ದು ಐದಡಿಗಿಂತ ಕಡಿಮೆ ಎತ್ತರದ ಹೆಂಗಸೊಬ್ಬಳಿಗೆ ಕಡಲು ಮರೆಯಾಗದಂತೆ ನೋಡಿಕೊಳ್ಳಬೇಕಾಗಿಯೂ, ಹದಿನೇಳು ಫಲಕಗಳ ಆದೇಶವನ್ನು ರದ್ದುಪಡಿಸಬೇಕಾಗಿಯೂ ಕೋರುತ್ತೇನೆ. ಮೂರನೇ ತಿರುವಿನ ಫಲಕದ ಬಗ್ಗೆ ಇನ್ನು ಏನನ್ನೂ ಕೋರುವುದಿಲ್ಲ. ಇಂದು ಬೆಳಿಗ್ಗೆ ನಾನು ಸ್ಕ್ರೂಡ್ರೈವರ್ ಸಮೇತ ಅಲ್ಲಿಗೆ ಹೋಗಿ ಬಂದಿದ್ದೇನೆ. ವಿವರ ಲಗತ್ತು 4ರಲ್ಲಿದೆ.

ಇಂತಿ, ಇಂದು ಬೆಳಗಿನವರೆಗೆ
ತಮ್ಮ ವಿಶ್ವಾಸಿ,
ಫಲಕ ಬರೆಯುವವನು

ಲಗತ್ತುಗಳು:
1. ಡಾಕ್ಟರ ಪ್ರಮಾಣಪತ್ರ.
2. ಮೆಚ್ಚುಗೆ ಪತ್ರದ ನಕಲು. (ಮೂಲ ಪ್ರತಿಯನ್ನು ಮಡಿಸಿ ಹೊಲಿಗೆ ಮಷೀನಿನ ಅಲುಗಾಡುವ ಕಾಲಿನಡಿ ಇಡಲಾಗಿದೆ. ಈಗ ಅಲುಗಾಡುತ್ತಿಲ್ಲ.)
3. ಬಿಳಿ ದಾರದ ರೀಲು ಒಂದು, ಸಾಕ್ಷ್ಯಕ್ಕಾಗಿ.
4. ‘ಓಡಿ’ ಎಂಬ ಹಲಗೆ ಒಂದು, ಸ್ಕ್ರೂ ನಾಲ್ಕು. ತಿರುವಿನಲ್ಲಿ ಈಗ ‘ನೋಡಿ’ ಮಾತ್ರ ಇದೆ. ಓಟಗಾರರು ಏನನ್ನು ನೋಡಬೇಕೆಂದು ತಿಳಿಯದೆ ನಿಲ್ಲುತ್ತಾರೆ, ನಿಂತ ಮೇಲೆ ಎರಡನ್ನೂ ನೋಡುತ್ತಾರೆ: ಮೊದಲು ಕಡಲು, ನಂತರ ತಮ್ಮ ಕಾಲ ಕೆಳಗೆ. ಲಗತ್ತಿಸಿದ ಹಲಗೆ ಒಳ್ಳೆಯ ಮರದ್ದು, ಬಣ್ಣವೂ ಗಟ್ಟಿಯಿದೆ. ಆದಕಾರಣ ಅದನ್ನು ವ್ಯರ್ಥ ಮಾಡದೆ ತಮ್ಮ ಕಚೇರಿಯ ಕಡತ ವಿಭಾಗದಲ್ಲಿ, ಕಡತಗಳಿಗೆ ಕಾಣುವ ಎತ್ತರದಲ್ಲಿ, ಹಾಕಿಸಬೇಕಾಗಿ ವಿನಂತಿ.